ಅವಳ ಸ್ಟೂಲಿನ ಎತ್ತರ

"ಆ ರಬ್ಬರ್ ಇಲ್ಲಿ ಕೊಡು."

"ಯಾಕೆ?"

"ಕೊಡು ಅಂದೆ."

"ಕೊಡಿ ಅನ್ನಿ. ನಾನು ನಿಮ್ಮ ತಂಗಿಯಲ್ಲ."

ಅವನು ಕೊಡಿ ಅನ್ನಲಿಲ್ಲ. ಅವಳ ಬೆರಳ ಸಂದಿಯಿಂದ ರಬ್ಬರನ್ನು ಕಿತ್ತುಕೊಂಡು ಕಿಟಕಿಯ ಹತ್ತಿರ ಹೋದವನೇ ಹೊರಗೆ ಎಸೆದುಬಿಟ್ಟ!

ಕೆಳಗಿನ ಸೈಕಲ್ ರಿಪೇರಿ ಅಂಗಡಿಯ ತಗಡಿನ ಮೇಲೆ ಅದು ಟಪ್ ಎಂದು ಬಿದ್ದದ್ದು ಇಡೀ ಕೋಣೆಗೆ ಕೇಳಿಸಿತು.

ಅವನ ಹತ್ತಿರ ಚಿತ್ರ ಕಲಿಯಲು ಬಂದವರು ಒಂಬತ್ತು ಜನ ಅಲ್ಲಿದ್ದರು.

ಅವಳಿಗೆ ಅದು ಮೊದಲ ದಿನ. ಬಂದು ಕಾಲು ಗಂಟೆಯೂ ಆಗಿರಲಿಲ್ಲ. ಕಿವಿ ಬಿಸಿಯಾಯಿತು. ನೇರ ಅವನ ಮೇಜಿಗೆ ಹೋಗಿ, ಡಬ್ಬಿಯಲ್ಲಿ ಸಿಕ್ಕಿಸಿಟ್ಟಿದ್ದ ಬ್ರಷ್‌ಗಳಲ್ಲಿ ಹಿಡಿ ಸವೆದು ಮಿರುಗುತ್ತಿದ್ದ ಒಂದನ್ನು ಆರಿಸಿದಳು. ಯಾವ ಹತ್ಯಾರ ಒಬ್ಬ ಮನುಷ್ಯನಿಗೆ ಪ್ರಾಣ ಅನ್ನುವುದು ಅದರ ಹಿಡಿ ನೋಡಿದರೆ ಅವಳಿಗೆ ಗೊತ್ತಾಗುತ್ತಿತ್ತು. ಬಡಗಿಯ ಮಗಳು.

ಅದೇ ಕಿಟಕಿಯಿಂದ ಅದನ್ನೂ ಎಸೆದಳು.

ಟಪ್!

"ಈಗ ಸಮ ಆಯ್ತು," ಅಂದಳು.

ಅವನ ಮುಖ ಕಪ್ಪಿಟ್ಟಿತು. ಆರಡಿ ಎತ್ತರದ ಆಳು. ಅವಳ ತಲೆ ಅವನ ಎದೆಯ ಜೇಬಿಗೂ ಬರುತ್ತಿರಲಿಲ್ಲ. ಆದರೂ ಅವಳು ಕತ್ತು ಮೇಲೆತ್ತಿ ಅವನನ್ನೇ ದುರುಗುಟ್ಟಿ ನೋಡಿದಳು.

ಮೂಲೆಯಲ್ಲಿ ನಿಂತಿದ್ದ ನರ್ಸಮ್ಮ ಮೆಲ್ಲಗೆ ಕೆಮ್ಮಿದರು. ಆಸ್ಪತ್ರೆ ಕೆಲಸದಿಂದ ನಿವೃತ್ತರಾಗಿ ಚಿತ್ರ ಕಲಿಯಲು ಸೇರಿದ್ದ ಹೆಂಗಸು. "ಮೇಷ್ಟ್ರೇ, ಇಬ್ಬರಿಗೂ ಬಿ.ಪಿ. ನೋಡ್ಲಾ? ಮೆಷಿನ್ ಬ್ಯಾಗಲ್ಲೇ ಇದೆ."

ಯಾರೋ ಕಿಸಕ್ಕೆಂದರು. ಅವನು ಅವಳ ಹಾಳೆ ಎತ್ತಿ ಎಲ್ಲರಿಗೂ ಹಿಡಿದು ತೋರಿಸಿದ.

"ಇದು ಗೆರೆಯಾ? ಕಂಬಳಿಹುಳ! ಮೈತುಂಬ ಕೂದಲು. ಒಂದು ಗೆರೆಗೆ ನಲವತ್ತು ಸಲ ಕೆರೆದಿದ್ದೀರ. ರಬ್ಬರ್ ಇರೋ ತನಕ ಕೈ ಹೆದರ್ತಾನೇ ಇರುತ್ತೆ. ನಾನು ಇಪ್ಪತ್ತು ವರ್ಷ ಏಣಿ ಮೇಲೆ ನಿಂತು ಬೋರ್ಡ್ ಬರೆದವನು. ಅಲ್ಲಿಗೆ ಯಾರು ರಬ್ಬರ್ ತಂದುಕೊಡ್ತಾರೆ? ನಾಳೆಯಿಂದ ಪೆನ್ನು. ಬರೋದಿದ್ರೆ ಬನ್ನಿ. ಇಲ್ಲಾಂದ್ರೆ ಮೆಟ್ಟಿಲು ಅಲ್ಲಿದೆ."

"ಹತ್ತಿಕೊಂಡೇ ಬಂದಿದ್ದೀನಿ. ಎಲ್ಲಿದೆ ಅಂತ ಗೊತ್ತು!"

ಇಳಿದು ಹೋದಳು. ತಗಡಿನಿಂದ ಜಾರಿ ರಸ್ತೆಗೆ ಬಿದ್ದಿದ್ದ ಬ್ರಷ್ ಕಾಲಿಗೆ ಸಿಕ್ಕಿತು. ಅಲ್ಲೇ ಬಿಟ್ಟು ಹೋಗಬೇಕಿತ್ತು. ಒಳ್ಳೆ ಹತ್ಯಾರ ಮಣ್ಣಲ್ಲಿ ಬಿದ್ದಿದ್ದನ್ನು ನೋಡಲು ಅವಳಿಂದ ಆಗಲಿಲ್ಲ. ಒರೆಸಿ ಚೀಲಕ್ಕೆ ಹಾಕಿಕೊಂಡಳು.

'ನಾಳೆ ಈ ಕಡೆ ತಲೆ ಹಾಕಿದರೆ ಕೇಳು...' ಅಂತ ತನಗೆ ತಾನೇ ಹೇಳಿಕೊಂಡಳು.

ಮರುದಿನ ಏಳು ಗಂಟೆಗೆ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು.

ಬರದೆ ಏನು ಮಾಡಿಯಾಳು?

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು 'ಉಳಿ' ಎಂದು ಕರೆಯುತ್ತಿದ್ದರು. ಅಪ್ಪ ಇಟ್ಟ ಅಡ್ಡಹೆಸರು. ಮಗುವಾಗಿದ್ದಾಗ ಉಳಿ ತಾಗಿ ರಕ್ತ ಬಂದರೂ ಅಳಲಿಲ್ಲವಂತೆ, ಕೈಯಿಂದ ಉಳಿ ಕಿತ್ತುಕೊಂಡಾಗ ಅತ್ತಳಂತೆ. ಈಗ ಮೂವತ್ತೊಂದು ವರ್ಷ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಮರದ ಕಾರ್ಖಾನೆ ಚಿಕ್ಕಪ್ಪನ ಕೈಯಲ್ಲಿತ್ತು. ಆ ಚಿಕ್ಕಪ್ಪನಿಗೆ ಮರದ ಧೂಳು ಕಂಡರೆ ಸೀನು.

"ನೋಡಮ್ಮ, ಈಗ ಯಾರಿಗೆ ಬೇಕು ಮರ? ಪ್ಲಾಸ್ಟಿಕ್ ಕುರ್ಚಿ ತಂದು ರಾಶಿ ಹಾಕಿದ್ರೆ ಧೂಳೂ ಇಲ್ಲ, ಗಲಾಟೆನೂ ಇಲ್ಲ. ಇದನ್ನ ಗೋಡೌನ್ ಮಾಡ್ತೀನಿ."

"ನನ್ನ ಹೆಣ ಬಿದ್ದ ಮೇಲೆ ಮಾಡಿ, ಚಿಕ್ಕಪ್ಪ."

ಮೂರು ದಿನ ಮನೆಯಲ್ಲಿ ತಟ್ಟೆ ಲೋಟಗಳ ಸದ್ದು ಬಿಟ್ಟು ಬೇರೆ ಮಾತಿರಲಿಲ್ಲ. ನಾಲ್ಕನೆಯ ದಿನ ಚಿಕ್ಕಪ್ಪನೇ ಬಾಯಿ ಬಿಟ್ಟರು. "ಮಕ್ಕಳ ಲೈಬ್ರರಿಗೆ ಹೊಸದಾಗಿ ಮೇಜು, ಬೆಂಚು, ಕಪಾಟು ಎಲ್ಲ ಮಾಡಿಸ್ತಾರಂತೆ. ಆ ಕೆಲಸ ತಂದು ತೋರಿಸು. ತಂದ್ರೆ ಕಾರ್ಖಾನೆ ಬೀಗದಕೈ ನಿನಗೇ. ತರದಿದ್ರೆ ಗರಗಸ ಎಲ್ಲ ಗುಜರಿಗೆ. ಸರಿನಾ?"

"ಸರಿ!"

ಸರಿ ಅಂದುಬಿಟ್ಟಳು. ಆಮೇಲೆ ಹೋಗಿ ವಿಚಾರಿಸಿದರೆ ಅಲ್ಲಿನ ಲೈಬ್ರರಿ ಮೇಡಂ ಇಟ್ಟ ಷರತ್ತು ಬೇರೆಯೇ ಆಗಿತ್ತು.

"ಕಂಪ್ಯೂಟರಲ್ಲಿ ತೆಗೆದ ಬಣ್ಣದ ಚಿತ್ರ ಎಲ್ಲರೂ ತರ್ತಾರಮ್ಮ. ಬಂದು ಕೂರೋ ಸಾಮಾನೇ ಬೇರೆ. ಕಳೆದ ಸಲ ಮೋಸ ಹೋದೆವು. ಈ ಸಲ ಕೆಲಸ ಮಾಡೋರೇ ಈ ಹಾಲ್‌ಗೆ ಬಂದು, ನಮ್ಮ ಕಣ್ಮುಂದೆ ಕೂತು, ಏನು ಮಾಡ್ತೀರ ಅಂತ ಕೈಯಲ್ಲಿ ಬರೆದು ತೋರಿಸಬೇಕು. ಆರು ವಾರ ಟೈಮಿದೆ."

ಅವಳು ಮರ ಕೊಯ್ಯಬಲ್ಲಳು, ಕೆತ್ತಬಲ್ಲಳು, ಒಂದು ಮೊಳೆ ಬಳಸದೆ ಕಪಾಟು ಕೂಡಿಸಬಲ್ಲಳು. ಆದರೆ ಕಾಗದದ ಮೇಲೆ ಒಂದು ಪೆಟ್ಟಿಗೆ ಬರೆಯಲು ಬರುತ್ತಿರಲಿಲ್ಲ!

ಆರು ವಾರದಲ್ಲಿ ಅದು ಬರಬೇಕು ಎಂದು ಮೇಷ್ಟ್ರಿಗೆ ಲೈಬ್ರರಿಯ ಸಂಗತಿ ಎಲ್ಲ ಹೇಳಿದಳು. ಮೊದಲ ವಾರ ಬರೀ ಗೆರೆ.

"ಎರಡು ಚುಕ್ಕೆ ಇಡಿ. ಸೇರಿಸಿ. ಒಂದೇ ಉಸಿರು. ಕಣ್ಣು ಪೆನ್ನಿನ ಮೂತಿ ಮೇಲಲ್ಲ, ತಲುಪೋ ಚುಕ್ಕೆ ಮೇಲೆ. ಮಣಿಕಟ್ಟು ಅಲುಗಬಾರದು, ಭುಜದಿಂದ ಎಳೀಬೇಕು!"

ಅಲ್ಲಿ ಎಲ್ಲರೂ ಎತ್ತರದ ಮೇಜುಗಳ ಮುಂದೆ ನಿಂತು ಬರೆಯುತ್ತಿದ್ದರು. ಅವಳಿಗೆ ಆ ಮೇಜು ಗದ್ದಕ್ಕೆ ಬರುತ್ತಿತ್ತು. ಹಾಗಾಗಿ ಅಪ್ಪ ಮಾಡಿದ ಗಿಡ್ಡ ಸ್ಟೂಲನ್ನು ಕಾರ್ಖಾನೆಯಿಂದ ಹೊತ್ತು ತಂದು, ಮೂಲೆಯಲ್ಲಿ ಹಾಕಿಕೊಂಡು, ಹಲಗೆಯನ್ನು ತೊಡೆಯ ಮೇಲಿಟ್ಟು ಬರೆಯುತ್ತಿದ್ದಳು.

ದಿನಕ್ಕೆ ಇನ್ನೂರು ಗೆರೆ. ಇನ್ನೂರೂ ಡೊಂಕು.

ಅವಳ ಕೈ ಹೆದರುತ್ತಿದ್ದುದು ಸುಳ್ಳಲ್ಲ. ಮರವನ್ನು ಒಮ್ಮೆ ಕೊಯ್ದರೆ ಮತ್ತೆ ಕೂಡುವುದಿಲ್ಲ. ಗುರುತು ಹಾಕುವಾಗ ಮೂಲೆಮಟ್ಟ ಒತ್ತಿ ಹಿಡಿದು, ಚೂರು ಚೂರೇ ಗೀಚಿ, ನಾಲ್ಕು ಸಲ ನೋಡಿ ಕೆಲಸ ಮಾಡುವುದು ಅವಳ ರಕ್ತಕ್ಕೆ ಹತ್ತಿತ್ತು. ಒರಗಿಕೊಳ್ಳಲು ಏನೂ ಇಲ್ಲದ ಗೆರೆ ಎಳೆಯುವುದೆಂದರೆ ಕಣ್ಣು ಮುಚ್ಚಿ ಗರಗಸ ಓಡಿಸಿದ ಹಾಗೆ.

"ಇದು ಮರ ಅಲ್ಲ, ಕಾಗದ! ಹಾಳಾಗಲಿ ಬಿಡಿ! ನಿಮ್ಮ ಅಪ್ಪನ ಗಂಟೇನು ಹೋಗುತ್ತೆ?"

"ನಮ್ಮಪ್ಪನ ಸುದ್ದಿ ಎತ್ತಬೇಡಿ!"

ಕೂಗಿದ ರಭಸದಲ್ಲಿ ಅವಳ ಕೈ ತಾನಾಗಿ ಓಡಿತು. ಕೀಸುಳಿ ಹಿಡಿದು ಹಲಗೆ ನುಣುಪು ಮಾಡುವಾಗ ಭುಜ ಹೇಗೆ ಮುಂದಕ್ಕೆ ತಳ್ಳುತ್ತದೋ ಹಾಗೆ. ಒಂದೇ ಎಳೆತ!

ಇಬ್ಬರೂ ಹಾಳೆ ನೋಡಿದರು.

ಗೆರೆ ನೆಟ್ಟಗೆ, ನಯವಾಗಿ, ಒಂದು ಕೂದಲೂ ಇಲ್ಲದೆ ಈ ಚುಕ್ಕೆಯಿಂದ ಆ ಚುಕ್ಕೆಗೆ ಹೋಗಿ ನಿಂತಿತ್ತು.

ಅವನು ಬಗ್ಗಿ, ಕೆಂಪು ಪೆನ್ನಿನಿಂದ ಅದರ ಸುತ್ತ ಒಂದು ಸುತ್ತು ಹಾಕಿ, ಮುಂದಿನ ಮೇಜಿಗೆ ಹೋದ. ಬಗ್ಗಿದಾಗ ಅವನ ಅಂಗಿಯಿಂದ ಟರ್ಪೆಂಟೈನ್ ವಾಸನೆ ಬಂತು. ಅವಳ ಎದೆ ಯಾಕೋ ಡವಡವ ಅಂದಿತು.

'ಥೂ... ಇವನು ಒಂದು ಕೆಂಪು ಸುತ್ತು ಹಾಕಿದ್ದಕ್ಕೆ ಇಷ್ಟೊಂದಾ?' ಎಂದು ತನಗೇ ಬೈದುಕೊಂಡಳು. ಆದರೆ ಆ ಹಾಳೆಯನ್ನು ಮಡಿಸದೆ ಮನೆಗೆ ಒಯ್ದಳು.

ಮೂರನೆಯ ವಾರ ಪೆಟ್ಟಿಗೆ, ಮೇಜು, ಕೋಣೆ. ದೂರ ಹೋದಂತೆ ವಸ್ತು ಕಿರಿದಾಗುವುದನ್ನು ಕಲಿಯುವ ವಾರ. ಕೋಣೆಯಲ್ಲಿ ಯುದ್ಧವೇ ನಡೆಯಿತು.

"ಹಿಂದಿನ ಎರಡು ಕಾಲು ಚಿಕ್ಕದಾಗಬೇಕು," ಅಂದ ಅವನು.

"ಯಾಕಾಗಬೇಕು? ನಾಲ್ಕೂ ಒಂದೇ ಅಳತೆ. ಚಿಕ್ಕದು ಮಾಡಿದ್ರೆ ಮೇಜು ಕುಂಟುತ್ತೆ!"

"ನೀವು ಮೇಜು ಮಾಡ್ತಿಲ್ಲ. ನೋಡ್ತಿದ್ದೀರ!"

"ನೋಡಿದ್ರೂ ಅಳತೆ ಅಳತೆನೇ. ನಾನು ಸುಳ್ಳು ಬರೆಯಲ್ಲ."

"ಸುಳ್ಳು?" ಅವನು ಅವಳ ಸ್ಟೂಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಹೆಬ್ಬೆರಳು ಕಣ್ಣಿಗೆ ಅಡ್ಡ ಹಿಡೀರಿ. ನರ್ಸಮ್ಮ ಕಾಣ್ತಾರಾ?"

"...ಇಲ್ಲ."

"ನರ್ಸಮ್ಮ ನಿಮ್ಮ ಹೆಬ್ಬೆರಳಿಗಿಂತ ಚಿಕ್ಕೋರಾ?"

"ನನ್ನನ್ನ ಎಷ್ಟು ಚಿಕ್ಕದು ಮಾಡಿದ್ರೂ ಸಂತೋಷನೇ ಮೇಷ್ಟ್ರೇ," ಅಂದರು ನರ್ಸಮ್ಮ ತಮ್ಮ ದಪ್ಪ ಸೊಂಟ ತಡವಿಕೊಳ್ಳುತ್ತ.

ಅವನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ. ಉಗುರು ಕಪ್ಪಾಗಿತ್ತು.

"ಯಾರು ಹೊಡೆದಿದ್ದು?"

"ಸುತ್ತಿಗೆ."

ಅವನ ಮುಖದಲ್ಲಿ ನಗು ಬಂತೋ ಏನೋ, ಅವಳು ನೋಡುವಷ್ಟರಲ್ಲಿ ಎದ್ದು ನಿಂತಿದ್ದ.

ಆ ಕೋಣೆಯ ನಾಲ್ಕೂ ಗೋಡೆಯ ಮೇಲೆ ಸುತ್ತಲೂ ಒಂದು ನೀಲಿ ಗೆರೆ ಇತ್ತು. ತನ್ನ ಕಣ್ಣಿನ ಎತ್ತರಕ್ಕೆ ಅವನೇ ಬಣ್ಣದಲ್ಲಿ ಎಳೆದದ್ದು.

"ಇದು ಕಣ್ಣಿನ ಗೆರೆ," ಎಂದು ಅವನು ಪಾಠ ಮಾಡಿದ. "ನೋಡೋನ ಕಣ್ಣು ಎಷ್ಟು ಎತ್ತರದಲ್ಲಿರುತ್ತೋ ಗೆರೆ ಅಷ್ಟೇ ಎತ್ತರ. ಇದರ ಮೇಲಿರೋ ವಸ್ತುವಿನ ತಳ ಕಾಣುತ್ತೆ, ಕೆಳಗಿರೋದರ ತಲೆ ಕಾಣುತ್ತೆ. ನಿಂತ್ರೆ ಮೇಲೆ, ಕೂತ್ರೆ ಕೆಳಗೆ. ಯಾವುದೇ ಚಿತ್ರ ಕೊಡಿ, ಬರೆದೋನು ನಿಂತಿದ್ನಾ ಕೂತಿದ್ನಾ ಅಂತ ಹೇಳ್ತೀನಿ. ಮನುಷ್ಯ ಸುಳ್ಳು ಹೇಳ್ತಾನೆ, ಈ ಗೆರೆ ಹೇಳಲ್ಲ."

ಇಷ್ಟು ಹೇಳಿದವನೇ ಅವಳ ಹಾಳೆಯ ಮೇಲೆ ದಿನಾ ಕೆಂಪು ಗೀಟು ಹಾಕುತ್ತಿದ್ದ. "ತಪ್ಪು. ಗೆರೆ ಕೆಳಗಾಯ್ತು. ಗೋಡೆ ನೋಡಿ ಬರೀರಿ." ಐದು ದಿನ, ಐದು ಗೀಟು. ಆರನೆಯ ದಿನ ಅವಳಿಗೆ ಹೊಳೆಯಿತು. ಹೊಳೆದ ಕೂಡಲೇ ಮೈ ಉರಿಯಿತು.

"ಮೇಷ್ಟ್ರೇ, ಆ ನೀಲಿ ಗೆರೆ ಯಾರ ಕಣ್ಣಿನ ಎತ್ತರ?"

"ನನ್ನದು."

"ನಾನು ಎಲ್ಲಿದ್ದೀನಿ?"

ಅವನು ಅವಳ ಸ್ಟೂಲ್ ನೋಡಿದ.

"ಈ ಸ್ಟೂಲ್ ಮೇಲೆ! ಕೂತ್ರೆ ಕೆಳಗೆ ಅಂತ ನೀವೇ ಹೇಳಿದ್ರಿ. ನನ್ನ ಕಣ್ಣಿಗೆ ಕಂಡ ಹಾಗೆ ಬರೆದಿದ್ದೀನಿ, ಸರಿಯಾಗೇ ಬರೆದಿದ್ದೀನಿ! ನಿಮ್ಮ ತಲೆ ಎಷ್ಟು ಎತ್ತರದಲ್ಲಿದೆಯೋ ಲೋಕ ಎಲ್ಲ ಅಲ್ಲಿಂದಲೇ ನೋಡಬೇಕಾ?"

ಅವಳು ಹೇಳಿದ್ದು ಸರಿ. ಅವನಿಗೂ ಅದು ಗೊತ್ತಾಯಿತು. ಗಂಡಸರ ಈ ಒಂದು ಕಾಯಿಲೆಗೆ ಮದ್ದಿಲ್ಲ, ತಪ್ಪು ತಮ್ಮದು ಎಂದು ಗೊತ್ತಾದ ಕ್ಷಣವೇ ದನಿ ಏರಿಬಿಡುತ್ತದೆ.

"ಹಾಗಾದ್ರೆ ಬೆಳೆದುಕೊಂಡು ಬನ್ನಿ!" ಅಂದ.

ಒಂಬತ್ತು ಜನರೂ ನಕ್ಕರು. ಇಲ್ಲ, ನರ್ಸಮ್ಮ ನಗಲಿಲ್ಲ.

ಅವಳ ಕಣ್ಣಲ್ಲಿ ನೀರು ಬಂತು. ಮದುವೆಗೆಂದು ನೋಡಲು ಬಂದವರು, ಶಾಲೆಯ ಸಾಲಿನಲ್ಲಿ ಮುಂದೆ ನಿಲ್ಲಿಸಿದವರು, ಬಸ್ಸಿನಲ್ಲಿ ತಲೆಯ ಮೇಲೆ ಕೈ ಊರಿದವರು, ಎಲ್ಲರ ನಗುವೂ ಆ ನಗುವಿನಲ್ಲಿ ಕೇಳಿಸಿತು. ಆದರೆ ಅವನ ಮುಂದೆ ಅಳುವುದೇ? ಹಲ್ಲು ಕಚ್ಚಿ ಹಾಳೆ ಸುತ್ತಿಕೊಂಡು ಎದ್ದಳು.

ಬಾಗಿಲಲ್ಲಿ ಒಮ್ಮೆ ತಿರುಗಿದಳು. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ.

ಎರಡು ದಿನ ಬಿಟ್ಟು, ಮಧ್ಯಾಹ್ನ, ಅವಳು ಟೇಪು ಹಿಡಿದು ಲೈಬ್ರರಿಯ ಹಾಲ್‌ಗೆ ಅಳತೆಗೆ ಹೋದಳು. ಹಳೆ ಸಾಮಾನೆಲ್ಲ ಸಾಗಿಸಿ ಹಾಲ್ ಬರಿದಾಗಿತ್ತು. ಗೋಡೆಯಲ್ಲಿ ಕಟ್ಟಿದ ಒಂದು ಎತ್ತರದ ಕಪಾಟು ಮಾತ್ರ ಉಳಿದಿತ್ತು.

ನಡು ಹಾಲಿನಲ್ಲಿ ಯಾರೋ ಕೂತಿದ್ದರು. ಗಿಡ್ಡ ಬಣ್ಣದ ಡಬ್ಬಿಯ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ ಮಡಚಿಕೊಂಡು, ಒಂಟೆ ಕುಳಿತ ಹಾಗೆ... ಅವನು! ಹಲಗೆಯ ಮೇಲೆ ಹಾಳೆ. ಹಾಲ್‌ನ ಚಿತ್ರ ಬರೆಯುತ್ತಿದ್ದಾನೆ!

ಅವಳಿಗೆ ಒಂದೇ ಕ್ಷಣ ಸಾಕಾಯಿತು. ಈ ಕೆಲಸಕ್ಕೆ ದೊಡ್ಡ ಶೋರೂಮಿನವರೂ ಬರುತ್ತಾರೆಂದು ಚಿಕ್ಕಪ್ಪ ಹೇಳಿದ್ದರು. ಅವರಲ್ಲಿ ಕೈಯಲ್ಲಿ ಬರೆಯುವವರು ಯಾರಿದ್ದಾರೆ? ಈ ಊರಲ್ಲಿ ಬರೆಯುವ ಕೈ ಇರುವುದು ಒಂದೇ!

"ಎಷ್ಟು ದಿನದಿಂದ ಮೇಷ್ಟ್ರೇ?"

ಅವನು ಬೆಚ್ಚಿಬಿದ್ದ. ಹಾಳೆಯನ್ನು ಸರಕ್ಕನೆ ಬೋರಲು ಹಾಕಿದ. ಅದೇ ಸಾಕಾಯಿತು ಅವಳಿಗೆ.

"ನೀನು... ನೀವು ಇಲ್ಲಿ?"

"ನನ್ನ ಬಾಯಿಂದ ಎಲ್ಲ ಕೇಳಿ ತಿಳ್ಕೊಂಡು ಶೋರೂಮಿಗೆ ಬರೆದುಕೊಡ್ತಿದ್ದೀರಾ? ಅದಕ್ಕೇನಾ ದಿನಾ ನನ್ನ ಹಾಳೆಗೆ ಕೆಂಪು ಗೀಟು? ನಾನು ಕಲಿಯಬಾರದು ಅಂತ?"

ಅವನ ಬಾಯಿ ತೆರೆಯಿತು. ಏನೋ ಹೇಳುವುದಿತ್ತು. ಆದರೆ ಕೊನೆಯ ಮಾತು ಅವನಿಗೆ ಚುಚ್ಚಿತು. ಯಾರ ಬಾಯಲ್ಲಿ ಏನು ಬೇಕಾದರೂ ಕೇಳಿಯಾನು, 'ಕಲಿಸಲಿಲ್ಲ' ಅನ್ನುವುದೊಂದನ್ನು ಕೇಳಲಾರ.

"ಹಾಗೇ ಅಂದ್ಕೊಳ್ಳಿ," ಅಂದ.

"ಅಂದ್ಕೊಂಡೆ! ನಾಳೆಯಿಂದ ಬರಲ್ಲ."

"ಬರಬೇಡಿ."

"ಡಬ್ಬಿ ಮೇಲೆ ಒಂಟೆ ತರ ಕಾಣ್ತಿದ್ದೀರ!"

"ಕಣ್ಣಿದ್ದೋರಿಗೆ ಕಾಣ್ಲಿ!"

ರಸ್ತೆಗೆ ಬಂದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ. ಮೋಸಕ್ಕೆ ಅತ್ತಳೋ, ಮೋಸ ಮಾಡಿದವನು ಅವನು ಎಂಬುದಕ್ಕೆ ಅತ್ತಳೋ... ಅದನ್ನು ತನ್ನನ್ನೇ ಕೇಳಿಕೊಳ್ಳಲೂ ಅವಳಿಗೆ ಧೈರ್ಯವಿರಲಿಲ್ಲ.

ಉಳಿದ ದಿನಗಳನ್ನು ಅವಳು ಕಾರ್ಖಾನೆಯಲ್ಲಿ ಕಳೆದಳು. ಕಾಗದ ಮುಗಿದರೆ ಪ್ಲೈವುಡ್ ತುಂಡಿನ ಮೇಲೆ, ತುಂಡು ಮುಗಿದರೆ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ. ಚುಕ್ಕೆ, ಚುಕ್ಕೆ, ಉಸಿರು, ಗೆರೆ. ಪ್ರತಿ ಗೆರೆಗೂ ಅವನ ದನಿ ಕಿವಿಯಲ್ಲಿ ಬಡಿಯುತ್ತಿತ್ತು. 'ಭುಜ! ಭುಜ!'

"ಬಾಯಿ ಮುಚ್ಚು ಮಾರಾಯ!" ಎಂದು ಒಮ್ಮೆ ಜೋರಾಗಿ ಕೂಗಿಬಿಟ್ಟಳು.

"ನಾನೇನೂ ಮಾತಾಡ್ಲಿಲ್ವಲ್ಲಮ್ಮ?" ಅಂದರು ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ. ಗೋಡೌನಿಗೆ ಎಷ್ಟು ಕುರ್ಚಿ ಹಿಡಿಯುತ್ತದೆ ಎಂದು ಹೆಜ್ಜೆ ಹಾಕಿ ನೋಡಲು ಬಂದಿದ್ದರು.

ಆ ದಿನ ಬಂತು.

ಶೋರೂಮಿನ ಟೈ ಕಟ್ಟಿದವನು ಮೊದಲು ಎದ್ದ. ದೊಡ್ಡ ದೊಡ್ಡ ಬಣ್ಣದ ಪ್ರಿಂಟು ತೆಗೆದ. ಅವಳು ಉಸಿರು ಬಿಗಿಹಿಡಿದು ಕಾದಳು, ಈಗ ಮೇಷ್ಟ್ರು ಬರೆದ ಚಿತ್ರ ಹೊರಬರುತ್ತದೆ...

ಬರಲೇ ಇಲ್ಲ.

"ಕೈಯಲ್ಲಿ ಬರೀರಿ ಅಂದಿದ್ದೆ," ಅಂದರು ಮೇಡಂ.

"ಈ ಕಾಲದಲ್ಲಿ ಯಾರು ಮೇಡಂ ಕೈಯಲ್ಲಿ..." ಅವನು ಹಲ್ಲು ಕಿರಿದ.

ಅವಳ ತಲೆ ಗಿರ್ರೆಂದಿತು. ಹಾಗಾದರೆ ಮೇಷ್ಟ್ರು ಬರೆದದ್ದು ಯಾರಿಗೆ? ಯೋಚಿಸಲು ಪುರುಸೊತ್ತಿರಲಿಲ್ಲ. ಮೇಡಂ ಅವಳ ಕಡೆ ತಿರುಗಿದ್ದರು.

ಸ್ಟೂಲು ಹಾಕಿಕೊಂಡು ಕೂತಳು. ತೊಡೆಯ ಮೇಲೆ ಹಲಗೆ. ಪೆನ್ನು ಹಿಡಿದಳು. ಐದು ಜನ ಬೆನ್ನ ಹಿಂದೆ ಬಗ್ಗಿ ನೋಡುತ್ತಿದ್ದರು. ಒಂದು ಗೆರೆ ಡೊಂಕಾದರೆ ಅಪ್ಪನ ಗರಗಸ ಗುಜರಿಗೆ...

'ಹಾಳಾಗಲಿ ಬಿಡಿ!' ಎಂದು ಆ ದನಿ ಗದರಿತು.

ಹಾಳಾಗಲಿ ಅಂದುಕೊಂಡಳು. ಉಸಿರು ಬಿಟ್ಟಳು. ಎಳೆದಳು.

ಮೊದಲು ಕಣ್ಣಿನ ಗೆರೆ. ಆಮೇಲೆ ನೆಲ, ಗೋಡೆ, ಕಿಟಕಿ. ಸಣ್ಣ ಬೆಂಚು, ದುಂಡು ಅಂಚಿನ ಮೇಜು. ಹಿಂದಿನ ಕಾಲು ಚಿಕ್ಕದು, ಹೌದು, ಚಿಕ್ಕದು! ಕೊನೆಗೆ ಗೋಡೆಯ ಆ ಹಳೇ ಕಪಾಟು. ಅದು ಚಿತ್ರದಲ್ಲಿ ಮಾಳಿಗೆಯಷ್ಟು ಎತ್ತರವಾಗಿ ಮೈಮೇಲೆ ಬರುವಂತೆ ನಿಂತಿತು.

"ಇದ್ಯಾಕೆ ಇಷ್ಟು ದೊಡ್ಡದಾಗಿ ಕಾಣುತ್ತೆ?" ಎಂದು ಮೇಡಂ ಕೇಳಿದರು. "ನಮಗೆ ಹೀಗೆ ಕಾಣಲ್ಲವಲ್ಲ?"

"ನೀವು ನಿಂತಿದ್ದೀರ, ಮೇಡಂ. ನಾನು ಈ ಸ್ಟೂಲ್ ಮೇಲೆ ಕೂತ್ರೆ ಒಂದು ಏಳು ವರ್ಷದ ಮಗು ಎಷ್ಟೆತ್ತರವೋ ಅಷ್ಟು. ಮಕ್ಕಳಿಗೆ ಇದು ಹೀಗೇ ಕಾಣೋದು." ಅವಳು ಕಪಾಟಿನ ಮೇಲಿನ ಅರ್ಧಕ್ಕೆ ಅಡ್ಡವಾಗಿ ಒಂದೇ ಏಟಿಗೆ ಗೆರೆ ಎಳೆದಳು. "ಅದಕ್ಕೇ ಇಲ್ಲಿಂದ ಮೇಲೆ ತೆಗೆದುಬಿಡ್ತೀನಿ. ಕೈಗೆ ಸಿಗದ ಪುಸ್ತಕ ಇಟ್ಟು ಯಾರಿಗೆ ತೋರಿಸ್ಬೇಕು?"

ಮೇಡಂ ಬಗ್ಗಿ, ಮಂಡಿಯೂರಿ, ಅವಳ ಪಕ್ಕದಿಂದ ಕಪಾಟನ್ನು ನೋಡಿದರು. ಎದ್ದಾಗ ಅವರ ಮುಖ ಬೇರೆಯಾಗಿತ್ತು.

"ಯಾವತ್ತು ಕೆಲಸ ಶುರು ಮಾಡ್ತೀಯಮ್ಮ?"

"ನಾಳೆಯೇ!" ಅಂದಳು. ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದಳು. "ಮೇಡಂ... ಇಲ್ಲಿ ಒಬ್ಬರು ಎತ್ತರದೋರು ಕೂತು ಚಿತ್ರ ಬರೀತಿದ್ರಲ್ಲ? ಯಾರಿಗೆ?"

"ಆ ಮುಂಗೋಪಿನಾ? ವಾರ ಪೂರ್ತಿ ದಿನಾ ಒಂದು ಗಂಟೆ ಕೂತ್ಕೊಳ್ಳೋಕೆ ಬಿಡಿ ಅಂತ ಬೇಡ್ಕೊಂಡ. ಹೋಗೋವಾಗ, ಇವನ್ನೆಲ್ಲ ಎಸೆದುಬಿಡಿ ಅಂದ. ನನಗೆ ಮನಸ್ಸು ಬರಲಿಲ್ಲ."

ಕಿಟಕಿಯ ಕಟ್ಟೆಯ ಮೇಲೆ ಹಾಳೆಗಳ ಸುರುಳಿ ಇತ್ತು. ಬಿಡಿಸಿದಳು.

ಬರಿದಾದ ಹಾಲ್. ಮೇಜಿಲ್ಲ, ಬೆಂಚಿಲ್ಲ, ಯಾರಿಗೂ ಮಾರುವಂಥದ್ದು ಒಂದೂ ಇಲ್ಲ. ಎಲ್ಲ ಹಾಳೆಯಲ್ಲೂ ಕಣ್ಣಿನ ಗೆರೆ ಕಿಟಕಿಯ ಕೆಳಗಿನ ಚಿಲಕದ ಮೇಲೆ ಹಾದುಹೋಗಿತ್ತು.

ಆ ಚಿಲಕ ಅವನ ಸೊಂಟಕ್ಕೆ ಬರುತ್ತದೆ. ಅಲ್ಲಿಗೆ ಯಾಕೆ ಎಳೆದ?

ಅವಳು ಸ್ಟೂಲ್ ಮೇಲೆ ಕೂತು ಕಿಟಕಿ ನೋಡಿದಳು. ಚಿಲಕ ಅವಳ ಕಣ್ಣಿಗೆ ಸರಿಸಮ.

ಗಿಡ್ಡ ಡಬ್ಬಿ... ಮಡಚಿದ ಮಂಡಿ... ಒಂಟೆ... 'ಈ ಗೆರೆ ಸುಳ್ಳು ಹೇಳಲ್ಲ.'

ಕೊನೆಯ ಹಾಳೆ ತೆಗೆದಳು. ಅದು ಲೈಬ್ರರಿಯಲ್ಲ. ಅವರ ಕ್ಲಾಸಿನ ಕೋಣೆ. ಮೂಲೆಯ ಅವಳ ಜಾಗದಿಂದ, ಅವಳ ಎತ್ತರದಿಂದ ನೋಡಿದ್ದು. ನಡುವೆ ಒಬ್ಬ ರಾಕ್ಷಸನಂಥ ಗಂಡಸು. ಬೂಟು ದೊಡ್ಡದು, ಮುಷ್ಟಿ ದೊಡ್ಡದು, ತಲೆ ಮೇಲೆಲ್ಲೋ ಛಾವಣಿಗೆ ತಾಗುತ್ತಿದೆ. ಬಾಯಿ ಗುಹೆಯಂತೆ ತೆರೆದು ಕೆಳಗೆ ಕೂತವರ ಮೇಲೆ ಅರಚುತ್ತಿದ್ದಾನೆ.

ತನ್ನನ್ನೇ ಬರೆದುಕೊಂಡಿದ್ದ. ಅವಳ ಸ್ಟೂಲಿನ ಎತ್ತರದಿಂದ.

ಅವಳು ಹಾಳೆಯನ್ನು ಎದೆಗೆ ಒತ್ತಿಕೊಂಡು ಓಡಿದಳು.

ಮೆಟ್ಟಿಲು ಎರಡೆರಡೇ ಹತ್ತಿ ಬಾಗಿಲು ನೂಕಿದಾಗ ಕ್ಲಾಸು ಮುಗಿದು ಎಲ್ಲರೂ ಹೋಗಿದ್ದರು. ನರ್ಸಮ್ಮ ಒಬ್ಬರೇ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಅವಳ ಮುಖ ನೋಡಿದರು, ಅವನ ಮುಖ ನೋಡಿದರು.

"ಇವತ್ತು ಮೆಷಿನ್ ತಂದಿಲ್ಲಪ್ಪ. ನೀವೇ ನೋಡ್ಕೊಳ್ಳಿ," ಎಂದು ಇಳಿದುಹೋದರು.

ಅವಳು ಹಾಳೆಯನ್ನು ಅವನ ಮೂಗಿಗೆ ಹಿಡಿದಳು. "ಯಾರಿದು?"

ಅವನು ನೋಡಿದ. ಮುಖ ಆಚೆ ತಿರುಗಿಸಿದ. "ನಾನು."

"ನೀವು ಇಷ್ಟು ದೊಡ್ಡೋರಲ್ಲ."

"ನಿಮ್ಮ ಜಾಗದಲ್ಲಿ ಕೂತು ನೋಡಿದೆ. ಇಷ್ಟೇ ಇದ್ದೆ."

"ಯಾಕೆ ಕೂತ್ರಿ?"

"ನೀವು ಕೇಳಿದ್ರಲ್ಲ, ಲೋಕ ಎಲ್ಲ ನಿಮ್ಮ ತಲೆ ಎತ್ತರದಿಂದಲೇ ನೋಡಬೇಕಾ ಅಂತ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಲೈಬ್ರರಿ ಹಾಲ್ ನಿಮಗೆ ಹೇಗೆ ಕಾಣುತ್ತೆ ಅಂತ ಮೊದಲು ನಾನು ಕಲಿತು, ಆಮೇಲೆ ಕಲಿಸೋಣ ಅಂತಿದ್ದೆ. ಅಷ್ಟರಲ್ಲಿ ನೀವು ಬಂದು ಕಳ್ಳ ಅಂದ್ರಿ."

"ಅಲ್ಲ ಅಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಸಿಟ್ಟು ಬಂತು."

"ನನಗೂ ಬಂತು!"

"ನಿಮಗೆ ಯಾವಾಗ ಬರಲ್ಲ?"

"ನಿಮಗೆ?"

ಇಬ್ಬರೂ ಏದುಸಿರು ಬಿಡುತ್ತ ನಿಂತರು. ಅವನು ಜೇಬಿಗೆ ಕೈ ಹಾಕಿದ. ಹೊರತೆಗೆದದ್ದು ಅವಳ ರಬ್ಬರು. ತಗಡಿನ ತುಕ್ಕು ಹತ್ತಿ ಒಂದು ಬದಿ ಕೆಂಪಾಗಿತ್ತು.

"ಅವತ್ತೇ ಏಣಿ ಹಾಕಿ ತೆಗೆದೆ. ಕೊಡೋಣ ಅಂದ್ರೆ... ದಿನಾ ಜಗಳ ಆಗ್ತಿತ್ತು."

ಅವಳು ಚೀಲದಿಂದ ಬ್ರಷ್ ತೆಗೆದಳು. ಒಡೆದಿದ್ದ ಹಿಡಿಯ ತುದಿಯನ್ನು ಅವಳೇ ಕೀಸಿ, ಉಜ್ಜಿ, ಮೇಣ ಹಚ್ಚಿದ್ದಳು. ಅವನು ಅದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಕೆಲಸ ಸಿಕ್ತು," ಅಂದಳು.

"ಗೊತ್ತು."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಸೋತಿದ್ರೆ ಮೆಟ್ಟಿಲು ಒಂದೊಂದೇ ಹತ್ತುತ್ತಿದ್ರಿ." ಅವನು ಅವಳ ಸ್ಟೂಲ್ ಇರುತ್ತಿದ್ದ ಮೂಲೆಯತ್ತ ತಿರುಗಿದ. "ಬೆಳೆದುಕೊಂಡು ಬನ್ನಿ ಅಂದೆನಲ್ಲ... ಅದು ಅನ್ನಬಾರದಿತ್ತು. ಆ ಮಾತನ್ನೂ ಹೀಗೆ ಏಣಿ ಹಾಕಿ ವಾಪಸ್ ತರೋ ಹಾಗಿದ್ರೆ ತರ್ತಿದ್ದೆ. ನೀವು ಬರದ ಮೇಲೆ ಈ ಮೂಲೆ ನೋಡೋಕಾಗ್ತಿಲ್ಲ ನನಗೆ. ಬೈಯೋಕೂ ಮನಸ್ಸಿಲ್ಲ. ಎಲ್ಲರೂ ಮೇಷ್ಟ್ರಿಗೆ ಹುಷಾರಿಲ್ಲ ಅಂತಿದ್ದಾರೆ."

"ನನಗೂ ಇಲ್ಲ," ಅಂದಳು ಅವಳು. "ಒಂದೊಂದು ಗೆರೆಗೂ ನಿಮ್ಮ ದನಿ. ಬಾಯಿ ಮುಚ್ಚು ಅಂದ್ರೂ ಮುಚ್ಚಲಿಲ್ಲ. ಆಮೇಲೆ... ಮುಚ್ಚಿಬಿಟ್ರೆ ಏನು ಮಾಡೋದು ಅಂತ ಭಯ ಆಯ್ತು."

ಆಗ ಅವಳಿಗೆ ಗೋಡೆ ಕಾಣಿಸಿತು. ಸುತ್ತಲೂ ಇದ್ದ ನೀಲಿ ಗೆರೆಯ ಮೇಲೆ ಸುಣ್ಣ ಬಳಿದಿತ್ತು. ಹೊಸ ಗೋಡೆ, ಬರಿದು.

"ಗೆರೆ ಎಲ್ಲಿ?"

"ಅಳಿಸಿದೆ. ಎಲ್ಲಿ ಎಳೀಬೇಕು ಅಂತ ಗೊತ್ತಾಗಲಿಲ್ಲ." ಅವನು ಬ್ರಷ್ಷನ್ನು ನೀಲಿ ಬಣ್ಣದಲ್ಲಿ ಅದ್ದಿ ಅವಳ ಕೈಗಿಟ್ಟ. "ನೀವು ಎಳೀರಿ."

"ತಪ್ಪಾದ್ರೆ?"

"ರಬ್ಬರ್ ಇದೆ."

ಅವಳು ಅದನ್ನು ಅವನ ಅಂಗೈಯಿಂದ ಎತ್ತಿ ಅವನ ಜೇಬಿಗೇ ತುರುಕಿದಳು. "ನೀವೇ ಇಟ್ಕೊಳ್ಳಿ. ನನಗೆ ಬೇಡ."

ಗೋಡೆಯ ಹತ್ತಿರ ಹೋಗಿ ನಿಂತಳು. ಒಂದು ಕ್ಷಣ ಯೋಚಿಸಿ ಹಿಂದಿರುಗಿ ನೋಡಿದಳು.

"ಹಾಗೆ ತಾಳೆಮರದ ತರ ನಿಂತ್ರೆ ನಾನು ಎಳೆಯೋ ಗೆರೆ ನಿಮಗೆ ಹೇಗೆ ಕಾಣುತ್ತೆ? ಕೂತ್ಕೊಳ್ಳಿ."

"ಎಲ್ಲಿ?"

"ನಿಮ್ಮ ಡಬ್ಬಿ ಮೇಲೆ."

ಅವನು ಮೂಲೆಯಿಂದ ಡಬ್ಬಿಯನ್ನು ಕಾಲಲ್ಲಿ ಎಳೆದು, ಮಂಡಿ ಮಡಚಿ, ಗೊಣಗುತ್ತ ಕೂತ. ಅವಳು ಮೊದಲ ಚುಕ್ಕೆ ಇಟ್ಟಳು.

"ಕಾಣ್ತಿದೆಯಾ?"

"ಕಾಣ್ತಿದೆ. ಭುಜ..."

"ಬಾಯಿ ಮುಚ್ಚಿ!"

ಮುಚ್ಚಿದ. ಅವಳು ಉಸಿರು ಬಿಟ್ಟು ಎಳೆದಳು.